ತಾತನ ಷವರ್ಲೆ, ಕಲ್ಲಾದ ಬೀಡಿಂಗ್, ಕಾಲಬಳಿ ನೀರು

ಪ್ರಶ್ನೆ: ನಮ್ಮ ತಾತ ಕೊಂಡಿದ್ದ 1951ರ ಷವರ್ಲೆ ಪಿಕಪ್ ಶಿಡ್ಲಘಟ್ಟದ ಬಳಿ ನಮ್ಮ ತೋಟದ ಷೆಡ್ಡಿನಲ್ಲಿದೆ. ಹಿಪ್ಪುನೇರಳೆ ಸೊಪ್ಪು, ರೇಷ್ಮೆಗೂಡಿನ ಮೂಟೆ ಹೊತ್ತು ದುಡಿದ ಗಾಡಿ. ಇಪ್ಪತ್ತು ವರ್ಷ ನಿಂತಲ್ಲೇ ನಿಂತಿತ್ತು. ಹೋದ ವರ್ಷ ಎಂಜಿನ್ ಬಿಚ್ಚಿಸಿ ಓಡುವಂತೆ ಮಾಡಿದ್ದೇವೆ. ಈಗಿನ ತಲೆನೋವು ಮುಂದಿನ ಗಾಜಿನದು. ಮಳೆ ಬಂದರೆ ಡ್ರೈವರ್ ಕಾಲಿನ ಹತ್ತಿರ ನೀರು ತೊಟ್ಟಿಕ್ಕುತ್ತದೆ. ಗಾಜಿನ ಸುತ್ತಲಿನ ರಬ್ಬರ್ (ಬೀಡಿಂಗ್) ಕಲ್ಲಿನಂತಾಗಿ ಮೂಲೆಗಳಲ್ಲಿ ಸೀಳಿದೆ. ಎರಡು ಗಾಜುಗಳಲ್ಲಿ ಒಂದರ ಅಂಚು ಹಾಲಿನಂತೆ ಬೆಳ್ಳಗಾಗಿದೆ. ಸುತ್ತ ಸಿಲಿಕೋನ್ ಎಳೆದರೆ ಸಾಕು ಎಂದು ಗ್ಯಾರೇಜಿನವರು, ನಡುವಿನ ಪಟ್ಟಿ ಕಿತ್ತು ಒಂದೇ ಗಾಜು ಕೂರಿಸೋಣ ಎಂದು ಗಾಜಿನ ಅಂಗಡಿಯವರು ಹೇಳುತ್ತಾರೆ. ಹಳೆಯ ರಬ್ಬರನ್ನು ಬಿಸಿನೀರಿನಲ್ಲಿ ಕುದಿಸಿ ಗ್ಲಿಸರಿನ್ ಹಚ್ಚಿದರೆ ಮೆತ್ತಗಾಗುತ್ತದೆ ಎಂದು ಮಗ ಮೊಬೈಲಿನಲ್ಲಿ ನೋಡಿದ್ದಾನೆ. ಅಮೆರಿಕದಿಂದಲೇ ತರಿಸಬೇಕು ಎನ್ನುವವರೂ ಇದ್ದಾರೆ. ಬಣ್ಣವನ್ನೂ ಹೊಡೆಸಬೇಕಿದೆ. ಯಾವುದು ಮೊದಲು? ನಾನೂ ಮಗನೂ ಸೇರಿ ಮನೆಯಲ್ಲೇ ಮಾಡಿಕೊಳ್ಳಬಹುದೇ, ಅಥವಾ ಗಾಜು ಒಡೆದೀತೇ?
ಶಿಡ್ಲಘಟ್ಟದ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಕಲ್ಲಾದ ರಬ್ಬರಿನ ಮೇಲಲ್ಲ, ‘ಕಾಲಿನ ಹತ್ತಿರ’ ಎಂಬ ಮಾತಿನ ಮೇಲೆ. ಮುಂದಿನ ಗಾಜಿನ ಬೀಡಿಂಗ್ ಸೋರಿದರೆ ನೀರು ಸಾಮಾನ್ಯವಾಗಿ ಮೊದಲು ಡ್ಯಾಶ್‌ಬೋರ್ಡಿನ ಮೇಲೆ ಕಾಣಿಸಿಕೊಳ್ಳುತ್ತದೆ. ಮೇಲೆ ಒಣಗಿದ್ದು ಕೆಳಗೆ ನೆಲ ಮಾತ್ರ ಒದ್ದೆಯಾಗುತ್ತಿದ್ದರೆ ನೀರಿಗೆ ಬೇರೆ ದಾರಿಯೂ ಇದೆ ಎಂದು ಅರ್ಥ. ನೀವು ಐದಾರು ಪ್ರಶ್ನೆ ಕೇಳಿದ್ದೀರಿ, ಆದರೆ ಅವುಗಳ ಹಿಂದಿನ ಅಳುಕು ಒಂದೇ: ಎಪ್ಪತ್ತು ವರ್ಷ ದಾಟಿದ ಗಾಡಿಯ ಗಾಜನ್ನು ಕಿತ್ತು, ದುಡ್ಡು ಸುರಿದು, ಹೊಸ ರಬ್ಬರ್ ಹಾಕಿಸಿ, ಮುಂದಿನ ಮಳೆಗೆ ಮತ್ತೆ ಅದೇ ಜಾಗದಲ್ಲಿ ನೀರು ನಿಂತರೆ? ಆ ಅಳುಕು ಸರಿಯಾದದ್ದೇ. ನನ್ನ ಷೆಡ್ಡಿಗೆ ಬರುವ ಹಳೆಯ ಗಾಡಿಗಳಲ್ಲಿ ಹೀಗೆ ಎರಡನೆಯ ಸಲ ಬರುವವು ಕಡಿಮೆಯೇನಿಲ್ಲ.

ಹಾಗಾಗಿ ಏನನ್ನೂ ಬಿಚ್ಚುವ ಮೊದಲು ಒಂದು ಬೆಳಿಗ್ಗೆಯನ್ನು ಪರೀಕ್ಷೆಗೆ ಮೀಸಲಿಡಿ. ನೆಲಹಾಸು ತೆಗೆದು ಕ್ಯಾಬಿನ್ ಒಳಭಾಗವನ್ನು ಒರೆಸಿ ಒಣಗಿಸಿ. ಡ್ಯಾಶ್‌ಬೋರ್ಡಿನ ಮೇಲೆ, ಕೆಳಗೆ, ನೆಲದ ಮೇಲೆ ಹಳೆಯ ದಿನಪತ್ರಿಕೆ ಹಾಸಿ. ಮಗ ಟಾರ್ಚ್ ಹಿಡಿದು ಒಳಗೆ ಕೂರಲಿ. ನೀವು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿ, ಹೂಗಿಡಕ್ಕೆ ಬಿಡುವಷ್ಟು ಮೆಲ್ಲಗೆ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಮೊದಲೇ ಮೇಲಿನಿಂದ ಸುರಿದರೆ ಎಲ್ಲ ತೂತುಗಳೂ ಒಟ್ಟಿಗೆ ಕುಡಿಯುತ್ತವೆ, ಕಳ್ಳ ಯಾರೆಂದು ತಿಳಿಯುವುದಿಲ್ಲ. ನಿಮ್ಮ ಗಾಡಿಯಲ್ಲಿ ಬಾನೆಟ್ಟಿಗೂ ಗಾಜಿಗೂ ನಡುವೆ ಒಳಗೆ ಗಾಳಿ ಬಿಡುವ ಕಿಂಡಿಯೊಂದಿದೆ, ಅದಕ್ಕೆ ಮೇಲೇಳುವ ಮುಚ್ಚಳವಿದೆ. ಐದು ನಿಮಿಷ ಅಲ್ಲಿಗೆ ಮಾತ್ರ ನೀರು ಬಿಡಿ. ಆಮೇಲೆ ವೈಪರ್ ಕಡ್ಡಿಗಳ ಬುಡ. ಆಮೇಲೆ ಬೀಡಿಂಗಿನ ಕೆಳ ಅಂಚು, ಮೂಲೆಗಳು, ಕೊನೆಗೆ ಮೇಲಂಚು ಮತ್ತು ಛಾವಣಿಯ ದೋಣಿ (ಮಳೆನೀರು ಹರಿದುಹೋಗುವ ಅಂಚಿನ ಕಾಲುವೆ).

ನನ್ನ ಅಂದಾಜು ಕೇಳಿದರೆ, ಕಾಲಿನ ಬಳಿಯ ನೀರಿನಲ್ಲಿ ದೊಡ್ಡ ಪಾಲು ಗಾಳಿಕಿಂಡಿಯದು. ಅದರ ಮುಚ್ಚಳದ ಕೆಳಗೂ ಒಂದು ರಬ್ಬರ್ ಸುತ್ತು ಇದೆ, ಅದಕ್ಕೂ ಗಾಜಿನ ರಬ್ಬರಿನಷ್ಟೇ ವಯಸ್ಸಾಗಿದೆ, ಆದರೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ವೈಪರ್ ಬುಡದ ವಾಷರುಗಳದ್ದೂ ಇದೇ ಕಥೆ. ವೈಪರ್ ಎಂದಾಗ ನೆನಪಾಯಿತು: ಆ ಕಾಲದ ಷವರ್ಲೆಗಳಲ್ಲಿ ಸಾಮಾನ್ಯವಾಗಿ ವೈಪರ್ ನಡೆಯುತ್ತಿದ್ದುದು ಎಂಜಿನ್ ಗಾಳಿ ಎಳೆಯುವ ಬಲದಿಂದ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಆ ಬಲ ಕುಗ್ಗುತ್ತದೆ, ವೈಪರ್ ತೂಕಡಿಸುತ್ತದೆ. ನಂದಿಬೆಟ್ಟ ಹತ್ತುವಾಗ ನಿಮ್ಮ ವೈಪರ್ ನಿಧಾನವಾದರೆ ಅದು ರೋಗವಲ್ಲ, ಹುಟ್ಟುಗುಣ.

ಇದನ್ನು ಹೇಳಿದ್ದು ನಿಮ್ಮ ಬೀಡಿಂಗ್ ನಿರಪರಾಧಿ ಎನ್ನಲು ಅಲ್ಲ. ಮೂಲೆಗಳಲ್ಲಿ ಸೀಳಿದ ರಬ್ಬರ್ ಸೋರಿಯೇ ಸೋರುತ್ತದೆ. ಬದಲಿಸಲೇಬೇಕು. ಆದರೆ ಅದೊಂದನ್ನೇ ಬದಲಿಸಿ ಕೂತರೆ ಕೆಲಸ ಅರ್ಧ.

ನಿಮ್ಮ ಗಾಡಿಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ರಬ್ಬರ್ ಕೊಳ್ಳುವಾಗ ಬೇಕಾಗುತ್ತದೆ. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬೈಯಲ್ಲಿ ಕಾರ್ಖಾನೆ ತೆರೆದು ಬಿಡಿಭಾಗ ತರಿಸಿ ಷವರ್ಲೆಗಳನ್ನು ಜೋಡಿಸುತ್ತಿತ್ತು. 1954ರಲ್ಲಿ ಅದನ್ನು ಮುಚ್ಚಿತು. ಷವರ್ಲೆ ಈ ಮಾದರಿಯ ಪಿಕಪ್ಪುಗಳನ್ನು 1947ರಲ್ಲಿ ಹೊರತಂದಿತು. 1953ರವರೆಗಿನವಕ್ಕೆ ಎರಡು ಚಪ್ಪಟೆ ಗಾಜು, ನಡುವೆ ಪಟ್ಟಿ. 1954ರಿಂದ ಒಂದೇ ಬಾಗಿದ ಗಾಜು. ಅಂದರೆ ‘ಹಳೆಯ ಷವರ್ಲೆ ಪಿಕಪ್ಪಿನ ರಬ್ಬರ್’ ಎಂದಷ್ಟೇ ಹೇಳಿ ತರಿಸಿದರೆ ತಪ್ಪು ವಸ್ತು ಬಂದೀತು. ಇನ್ನೊಂದು ಸೂಕ್ಷ್ಮವಿದೆ. ಮೇಲ್ದರ್ಜೆಯ ಕ್ಯಾಬಿನ್ನುಗಳಲ್ಲಿ ಗಾಜಿನ ಸುತ್ತ ಹೊಳೆಯುವ ಪಟ್ಟಿ ಇರುತ್ತಿತ್ತು. ಆ ಪಟ್ಟಿ ಕೂರಲು ರಬ್ಬರಿನ ಹೊರಮೈಯಲ್ಲಿ ಬೇರೆ ಗಾಡಿ ಇರುತ್ತದೆ (ಗಾಡಿ ಎಂದರೆ ಇಲ್ಲಿ ಕೊರೆದ ಸೀಳು, ನಮ್ಮ ಕೆಲಸದವರ ಮಾತು). ಪಟ್ಟಿಯಿಲ್ಲದ ಕ್ಯಾಬಿನ್ನಿಗೆ ಆ ರಬ್ಬರ್ ಹಾಕಿದರೆ ಖಾಲಿ ಸೀಳಿನಲ್ಲಿ ಧೂಳೂ ನೀರೂ ತುಂಬುತ್ತವೆ.

ಈಗ ನಿಮಗೆ ಸಿಕ್ಕಿರುವ ಸಲಹೆಗಳಿಗೆ ಬರೋಣ.

ರಬ್ಬರ್ ಕುದಿಸುವುದು. ಬಿಸಿನೀರಿನಲ್ಲಿ ಅದ್ದಿದಾಗ ಹೊಸ ರಬ್ಬರ್ ಬಾಗಲು ಸುಲಭವಾಗುತ್ತದೆ ಎಂಬುದು ನಿಜ, ನಾವೂ ಮಾಡುತ್ತೇವೆ. ಹಳೆಯದಕ್ಕೆ ಅದು ಮದ್ದಲ್ಲ. ಬಿಸಿಲು, ಗಾಳಿಯ ಆಮ್ಲಜನಕ, ಓಝೋನ್ ಸೇರಿ ರಬ್ಬರಿನ ಒಳಗಿನ ಸರಪಳಿಗಳನ್ನು ಮುರಿದು, ಬೇರೆ ರೀತಿಯಲ್ಲಿ ಬಿಗಿದು ಕಟ್ಟಿಹಾಕಿರುತ್ತವೆ. ಮೆದುವಾಗಿಡುತ್ತಿದ್ದ ಎಣ್ಣೆಯ ಅಂಶ ಆರಿಹೋಗಿರುತ್ತದೆ. ಬೆಂದ ರಾಗಿಮುದ್ದೆಯನ್ನು ಮತ್ತೆ ಹಿಟ್ಟು ಮಾಡಲಾದೀತೇ? ಗ್ಲಿಸರಿನ್ ಮೇಲ್ಮೈಗೆ ನಾಲ್ಕು ದಿನದ ಹೊಳಪು ಕೊಡುತ್ತದೆ, ಅಷ್ಟೇ.

ಒಂದೇ ಗಾಜು. ಇದು ಮಾತ್ರ ಬೇಡವೇ ಬೇಡ. ನಿಮ್ಮ ಗಾಡಿಯ ಗಾಜಿನ ತೆರೆಪು ನಡುವಿನಲ್ಲಿ ತುಸು ಮುಂದಕ್ಕೆ ಬಾಗಿದೆ, ಎರಡು ಗಾಜೂ ಒಂದಕ್ಕೊಂದು ಸಣ್ಣ ಕೋನದಲ್ಲಿ ಕೂರುತ್ತವೆ. ಬಾನೆಟ್ಟಿನ ಮೇಲಿನಿಂದ ಒಂದು ನೂಲು ಎಳೆದು ಹಿಡಿದರೆ ನಿಮಗೇ ಕಾಣುತ್ತದೆ. ಚಪ್ಪಟೆ ಗಾಜೊಂದನ್ನು ಅಲ್ಲಿಗೆ ಬಲವಂತವಾಗಿ ಒತ್ತಿದರೆ ಒಂದೋ ನಡುವೆ ಸಂದು, ಇಲ್ಲವೇ ತುದಿಯಲ್ಲಿ ಒತ್ತಡ. ಹಳ್ಳ ಹತ್ತಿಸಿದ ದಿನ ಆ ಒತ್ತಡ ಬಿರುಕಾಗಿ ಹೊರಬರುತ್ತದೆ. ಮೇಲಾಗಿ ಗಾಡಿಯ ಮುಖವೇ ಹೋಗುತ್ತದೆ. 50 ವರ್ಷ ದಾಟಿದ ವಿಂಟೇಜ್ ವಾಹನಗಳ ನೋಂದಣಿಗಾಗಿ 2021ರಲ್ಲಿ ಬಂದ ಕೇಂದ್ರದ ನಿಯಮವೂ ವಾಹನ ತನ್ನ ಮೂಲರೂಪದಲ್ಲಿರಬೇಕು ಎನ್ನುತ್ತದೆ. ಪಿಕಪ್ ಸರಕು ಸಾಗಿಸುವ ವಾಹನವಾದ್ದರಿಂದ ಆ ನಿಯಮ ನಿಮಗೆ ಹೇಗೆ ಅನ್ವಯಿಸುತ್ತದೆ ಎಂದು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಯೇ ಹೆಜ್ಜೆಯಿಡಿ. ಶಿಡ್ಲಘಟ್ಟ 2007ರವರೆಗೆ ಕೋಲಾರ ಜಿಲ್ಲೆಯಲ್ಲಿತ್ತಲ್ಲವೇ, ಹಳೆಯ ಕಾಗದಗಳನ್ನು ಹುಡುಕುವಾಗ ಅದನ್ನೂ ನೆನಪಿಡಿ.

ಸಿಲಿಕೋನ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ನನ್ನ ಅನುಭವದಲ್ಲಿ ಹಳೆಯ ಗಾಡಿಗಳನ್ನು ತುಕ್ಕಿಗಿಂತ ಹೆಚ್ಚು ಕೆಡಿಸಿರುವುದು ಈ ಟ್ಯೂಬು. ಸ್ನಾನದ ಮನೆಗೆ ಬಳಸುವ ಅಗ್ಗದ ಸಿಲಿಕೋನ್ ಹಚ್ಚುವಾಗ ವಿನೆಗರ್ ವಾಸನೆ ಬರುತ್ತದೆ, ಗಮನಿಸಿದ್ದೀರಾ? ಅದು ಗಟ್ಟಿಯಾಗುತ್ತಾ ಬಿಡುವ ಅಸಿಟಿಕ್ ಆಮ್ಲದ ವಾಸನೆ. ಬಣ್ಣ ಕಿತ್ತ ತಗಡಿನ ಮೇಲೆ ಆಮ್ಲ ಕೂತರೆ ಏನಾಗುತ್ತದೆಂದು ಹೇಳಬೇಕಿಲ್ಲ. ಎರಡನೆಯದಾಗಿ, ಹೊರಗಿನಿಂದ ಎಳೆದ ಪಟ್ಟಿ ಎಲ್ಲೋ ಒಂದು ಕಡೆ ಬಿಡುತ್ತದೆ. ಅಲ್ಲಿಂದ ಒಳಹೊಕ್ಕ ನೀರಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಒಮ್ಮೆ ಹೀಗೆ ಸುತ್ತಲೂ ಬಿಳಿ ಸಿಲಿಕೋನ್ ಬಳಿದಿದ್ದ ಹಳೆಯ ವ್ಯಾನೊಂದು ನನ್ನ ಬಳಿಗೆ ಬಂತು. ಹೊರಗಿನಿಂದ ಶುಭ್ರ. ರಬ್ಬರ್ ಎಳೆದಾಗ ಅದರ ಜೊತೆಗೇ ತಗಡಿನ ಅಂಚು ಹಪ್ಪಳದಂತೆ ಮುರಿದು ಕೈಗೆ ಬಂತು. ಮೂರನೆಯ ಕಷ್ಟ ಪೇಂಟರಿನದು: ಸಿಲಿಕೋನ್ ಸವರಿದ ಜಾಗದಲ್ಲಿ ಬಣ್ಣ ನಿಲ್ಲುವುದಿಲ್ಲ, ಎಣ್ಣೆಯ ಮೇಲೆ ನೀರು ಬಿದ್ದಂತೆ ಗುಂಡುಗುಂಡಾಗಿ ಸರಿಯುತ್ತದೆ. ಬಣ್ಣ ಹೊಡೆಸುವ ಯೋಚನೆ ಇರುವ ನಿಮ್ಮ ಷೆಡ್ಡಿಗೆ ಸಿಲಿಕೋನ್ ಟ್ಯೂಬಾಗಲಿ, ಸಿಲಿಕೋನ್ ಸ್ಪ್ರೇ ಆಗಲಿ ಬಣ್ಣ ಮುಗಿಯುವತನಕ ಕಾಲಿಡಬಾರದು.

ಇಲ್ಲಿಗೆ ನಿಜವಾದ ವಿಷಯಕ್ಕೆ ಬಂದೆವು: ತಗಡಿನ ಅಂಚು. ಗಾಜಿನ ತೆರೆಪಿನ ಸುತ್ತ ಎರಡು ಮೂರು ತಗಡು ಸೇರಿಸಿ ಚುಕ್ಕೆ ಬೆಸುಗೆ ಹಾಕಿದ ತುಟಿಯಂಥ ಅಂಚು ಇರುತ್ತದೆ. ರಬ್ಬರಿಗೆ ಒಂದು ಕಡೆ ಗಾಜು ಕೂರುವ ಸೀಳು, ಇನ್ನೊಂದು ಕಡೆ ಈ ತುಟಿಯನ್ನು ಕಚ್ಚುವ ಸೀಳು. ಬೆಸುಗೆ ಚುಕ್ಕೆಗಳ ನಡುವಿನ ಸಂದಿಗೆ ಬಣ್ಣ ಹೋಗಿರುವುದಿಲ್ಲ, ನೀರು ಹೋಗುತ್ತದೆ. ಅಲ್ಲಿ ಹುಟ್ಟಿದ ತುಕ್ಕು ತಗಡಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಉಬ್ಬಿ ತಗಡುಗಳನ್ನು ಬಿಡಿಸುತ್ತದೆ, ರಬ್ಬರಿನ ಸೀಳನ್ನು ಅಗಲಿಸುತ್ತದೆ, ಗಾಜಿನ ಮೇಲೆ ಭಾರ ಹಾಕುತ್ತದೆ. ಯಾವ ಕಲ್ಲೂ ತಗಲದೆ ಮೂಲೆಯಿಂದ ತಾನೇ ಬಿರುಕು ಬಿಟ್ಟ ಗಾಜುಗಳಲ್ಲಿ ಬಹಳಷ್ಟು ಇಂಥ ಉಬ್ಬಿನ ಮೇಲೆ ಕೂತವು. ನಮ್ಮದು ಒಣ ಸೀಮೆ, ಇಲ್ಲಿ ತುಕ್ಕು ಎಲ್ಲಿಯದು ಎಂದುಕೊಳ್ಳಬೇಡಿ. ಬಿಸಿಲು ರಬ್ಬರನ್ನು ಸೀಳುತ್ತದೆ, ಚಳಿಗಾಲದ ಇಬ್ಬನಿ ಆ ಸೀಳಿಗೆ ದಿನವೂ ಒಂದಿಷ್ಟು ನೀರು ಹನಿಸುತ್ತದೆ. ಧಾರಾಕಾರ ಮಳೆ ತೊಳೆದುಕೊಂಡು ಹೋಗುತ್ತದೆ, ಇಬ್ಬನಿ ಅಲ್ಲೇ ಉಳಿಯುತ್ತದೆ. ಗಾಡಿ ತೊಳೆಯುವ ಕೊಳವೆಬಾವಿಯ ಗಡಸು ನೀರು ಬಿಟ್ಟುಹೋಗುವ ಉಪ್ಪೂ ಅದಕ್ಕೆ ಸೇರುತ್ತದೆ.

ಆದ್ದರಿಂದ ಖರ್ಚಿನ ಲೆಕ್ಕ ಹಾಕುವಾಗ ಮೊದಲ ಸಾಲು ಟಿಂಕರಿಂಗ್, ಅಂದರೆ ತಗಡು ರಿಪೇರಿಯ ಕೆಲಸಕ್ಕಿರಲಿ. ರಬ್ಬರ್ ಆಮೇಲೆ. ಗಾಜು ಕಿತ್ತ ಮೇಲೆ ಅಂಚನ್ನು ತಂತಿಯ ಬ್ರಷ್ಷಿನಲ್ಲಿ ಬೆಳ್ಳಿಯ ಬಣ್ಣ ಕಾಣುವವರೆಗೆ ಉಜ್ಜಬೇಕು. ಆ ಕಾಲದ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ್ದಾಗ ತಿಕ್ಕಿ ಧೂಳೆಬ್ಬಿಸಬೇಡಿ, ಹಳೆಯ ಬಣ್ಣವನ್ನು ನೀರು ಹಾಕಿ ಉಜ್ಜಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಬೇಡ. ಮೇಲ್ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಸಾಕು, ಹಚ್ಚಿ, ತೊಳೆದು, ಪೂರ್ತಿ ಒಣಗಿಸಿ. ಚೂಪಾದ ಮೊಳೆಯಿಂದ ಒತ್ತಿದಾಗ ಒಳಗೆ ಇಳಿಯುವಷ್ಟು ಮೆತ್ತಗಾಗಿದ್ದರೆ ಆ ತುಂಡನ್ನು ಕತ್ತರಿಸಿ ಅದೇ ದಪ್ಪದ ತಗಡು ಬೆಸೆಯಬೇಕು. ಪುಟ್ಟಿ ತುಂಬಿ ಆಕಾರ ಮಾಡಿಕೊಡುತ್ತೇನೆ ಎನ್ನುವವರಿಗೆ ಕೈಮುಗಿಯಿರಿ. ಪುಟ್ಟಿ ನೀರು ಹೀರುತ್ತದೆ, ಮತ್ತು ಅಂಚಿನ ದಪ್ಪ ಕೆಡಿಸುತ್ತದೆ. ಕೊನೆಗೆ ಎರಡು ಭಾಗ ಕಲಸಿ ಹೊಡೆಯುವ ಎಪಾಕ್ಸಿ ಪ್ರೈಮರ್ ಹಾಕಿಸಿ. ಬರೀ ರೆಡ್ ಆಕ್ಸೈಡ್ ಬಳಿದು ಬಿಟ್ಟರೆ ಅದರೊಳಗಿಂದ ತೇವ ಹಾಯುತ್ತದೆ.

ಗಾಜಿನ ಬೆಳ್ಳಗಿನ ಅಂಚು ಏನು ಹೇಳುತ್ತಿದೆ ಗೊತ್ತೇ? ಅದು ಎರಡು ಪದರ ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು ಎಂದು, ಮತ್ತು ಅಂಚಿನಿಂದ ತೇವ ಒಳಹೋಗಿ ಪದರ ಬಿಡುತ್ತಿದೆ ಎಂದು. ಅದನ್ನು ಮತ್ತೆ ಅಂಟಿಸಲು ಆಗುವುದಿಲ್ಲ. ಒಂದಕ್ಕೇ ರೋಗ ಬಂದಿದ್ದರೂ ಎರಡನ್ನೂ ಬದಲಿಸಿ. ಹೇಗಿದ್ದರೂ ಬಿಚ್ಚುತ್ತಿದ್ದೀರಿ, ಚಪ್ಪಟೆ ಗಾಜು ನಮ್ಮಲ್ಲೇ ಸಿಗುತ್ತದೆ. ಇದೇ ನಿಮ್ಮ ಅದೃಷ್ಟ: 1954ರ ಬಾಗಿದ ಗಾಜಾಗಿದ್ದರೆ ಹುಡುಕಿ ಹುಡುಕಿ ಸುಸ್ತಾಗುತ್ತಿದ್ದಿರಿ. ಹಳೆಯ ಗಾಜನ್ನೇ ಅಚ್ಚಾಗಿ ಕೊಟ್ಟು ಕತ್ತರಿಸಲು ಹೇಳಿ. ಆದರೆ ಕೇಳಿ ಪಡೆಯಬೇಕಾದದ್ದು ಲ್ಯಾಮಿನೇಟೆಡ್ ಗಾಜು. ಕೆಲವರು ‘ಟಫನ್’ ಹಾಕೋಣ, ಗಟ್ಟಿ ಎನ್ನುತ್ತಾರೆ. ಟಫನ್ ಗಾಜು ಒಡೆದಾಗ ಕ್ಷಣದಲ್ಲಿ ಪೂರ್ತಿ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ, ಓಡುತ್ತಿರುವ ಗಾಡಿಯಲ್ಲಿ ಮುಂದಿನದು ಕಾಣದು. ಲ್ಯಾಮಿನೇಟೆಡ್ ಬಿರುಕು ಬಿಟ್ಟರೂ ಹಾಳೆಗೆ ಅಂಟಿಕೊಂಡೇ ನಿಲ್ಲುತ್ತದೆ. ವಾಹನದ ಗಾಜಿಗೆ ಐಎಸ್ 2553ರ ಎರಡನೆಯ ಭಾಗ ಎಂಬ ಭಾರತೀಯ ಮಾನದಂಡವಿದೆ, ಅದರ ಗುರುತು ಇರುವ ಗಾಜಿನ ಹಾಳೆಯನ್ನೇ ಕೇಳಿ. ಕಪ್ಪು ಛಾಯೆಯ ಆಸೆ ಬೇಡ: ಮುಂದಿನ ಗಾಜಿನಲ್ಲಿ ಕನಿಷ್ಠ ಶೇ 70ರಷ್ಟು ಬೆಳಕು ಹಾಯಬೇಕೆಂಬುದು ಮೋಟಾರು ವಾಹನ ನಿಯಮ.

ದಪ್ಪವನ್ನು ಮರೆಯಬೇಡಿ. ಆ ಕಾಲದ ಗಾಜು ಸಾಮಾನ್ಯವಾಗಿ ಕಾಲು ಇಂಚು, ಅಂದರೆ 6 ಮಿಲಿಮೀಟರಿಗಿಂತ ಕೂದಲೆಳೆ ಹೆಚ್ಚು. ವರ್ನಿಯರ್ ತಂದು ನಿಮ್ಮ ಗಾಜನ್ನು ನಾಲ್ಕು ಕಡೆ ಅಳೆಯಿರಿ. 5 ಮಿಲಿಮೀಟರ್ ಗಾಜನ್ನು ಆ ಸೀಳಿಗೆ ಕೂರಿಸಿದರೆ ಕೂರುವುದೇನೋ ಕೂರುತ್ತದೆ, ಆಮೇಲೆ ಗುಂಡಿಗಳಲ್ಲಿ ಗಲಗಲ ಎನ್ನುತ್ತದೆ. ಕತ್ತರಿಸಿದ ಅಂಚನ್ನು ಸಾಣೆ ಹಿಡಿಸಿ. ಅಂಚಿನಲ್ಲಿ ಉಳಿದ ಒಂದು ಸಣ್ಣ ಚಕ್ಕೆಯೇ ಮುಂದಿನ ಬಿರುಕಿನ ಬೀಜ.

ಇನ್ನು ರಬ್ಬರ್. ನಿಮಗೆ ಎರಡು ದಾರಿ. ಒಂದು, ಆ ಮಾದರಿಗೆಂದೇ ಅಚ್ಚು ಮಾಡಿದ ರಬ್ಬರನ್ನು ಹೊರದೇಶದಿಂದ ತರಿಸುವುದು. ಕನ್ನಡಕದ ಚೌಕಟ್ಟಿನಂತೆ ಎರಡೂ ಗಾಜನ್ನು ಹಿಡಿಯುವ ರಬ್ಬರ್ ಅದು, ಮೂಲೆಗಳು ಅಚ್ಚಿನಲ್ಲೇ ಮೂಡಿರುತ್ತವೆ. ಅಮೆರಿಕದಲ್ಲಿ ಈ ಪಿಕಪ್ಪುಗಳನ್ನು ಇಂದಿಗೂ ಮುದ್ದಿನಿಂದ ಸಾಕುವವರಿರುವುದರಿಂದ ಹೊಸದಾಗಿ ತಯಾರಾಗುತ್ತಿದೆ. ಇದರ ಅಪಾಯ ಗುಣಮಟ್ಟದ್ದಲ್ಲ, ಸಾಗಣೆ, ಸುಂಕ, ಮತ್ತು ತಪ್ಪು ಮಾದರಿ ಬಂದರೆ ಹಿಂದಿರುಗಿಸುವ ಪಾಡು. ಇನ್ನೊಂದು, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಮಾರುವ ಬೀಡಿಂಗ್. ಕೆಲವದರಲ್ಲಿ ಹೊರಗಿನಿಂದ ತೂರಿಸುವ ಬೀಗದ ಪಟ್ಟಿಯೂ ಇರುತ್ತದೆ. ಇದು ಬಸ್ಸು, ಲಾರಿಗಳ ದುಂಡಗಿನ ಮೂಲೆಗೆ ಚೆನ್ನಾಗಿ ಹೊಂದುತ್ತದೆ. ನಿಮ್ಮ ಗಾಡಿಯ ಕಷ್ಟ ಮೂಲೆಯಲ್ಲಲ್ಲ, ನಡುವಿನಲ್ಲಿ: ಎರಡು ಗಾಜು ಸೇರುವ ಜಾಗದಲ್ಲಿ ಕೆಳಗೂ ಮೇಲೂ ಎರಡು ಕೂಡಿಕೆ ಮಾಡಬೇಕಾಗುತ್ತದೆ, ಆ ಕೂಡಿಕೆ ಕೈಚಳಕದ ಮೇಲೆ ನಿಂತಿರುತ್ತದೆ. ನಾನಾದರೆ ಈ ಗಾಡಿಗೆ ಅಚ್ಚಿನ ರಬ್ಬರನ್ನೇ ತರಿಸುತ್ತೇನೆ, ಗಾಳಿಕಿಂಡಿಯ ಸುತ್ತನ್ನೂ ಅದೇ ಪಾರ್ಸೆಲ್ಲಿಗೆ ಸೇರಿಸುತ್ತೇನೆ. ಕೆಲಸದ ಗಾಡಿಯಾಗಿದ್ದರೆ ಜೆ.ಸಿ. ರಸ್ತೆಗೇ ಹೋಗುತ್ತಿದ್ದೆ.

ಮೀಟರ್ ಬೀಡಿಂಗ್ ಕೊಳ್ಳುವುದಾದರೆ ‘ಇಪಿಡಿಎಂ’ ಎಂದು ಕೇಳಿ. ಬಿಸಿಲು, ಓಝೋನಿಗೆ ತಡೆದು ನಿಲ್ಲುವ ಕೃತಕ ರಬ್ಬರ್ ಅದು. ಒಂದು ತುಂಡನ್ನು ಮಡಚಿ, ಮಡಿಕೆಯನ್ನು ಉಗುರಿನಿಂದ ಒತ್ತಿ ನೋಡಿ. ಬೂದಿಬಣ್ಣಕ್ಕೆ ತಿರುಗಿ ಸಣ್ಣ ಗೆರೆ ಮೂಡಿದರೆ ಅದು ಹಳೆಯ ಟೈರು ಅರೆದು ಸುಣ್ಣ ಬೆರೆಸಿದ ಸರಕು. ಉದ್ದವನ್ನು ಅಳತೆಗಿಂತ ಒಂದು ಬೆರಳು ಹೆಚ್ಚಾಗಿಯೇ ಕತ್ತರಿಸಿ, ಒತ್ತಿ ಕೂರಿಸಿ. ಎಳೆದು ಕೂರಿಸಿದ ರಬ್ಬರ್ ಆರು ತಿಂಗಳಲ್ಲಿ ಮೊದಲಿನ ಉದ್ದಕ್ಕೆ ಮರಳುತ್ತದೆ, ಮೂಲೆಗಳು ಬಾಯಿ ಬಿಡುತ್ತವೆ.

ಬಣ್ಣ ಮೊದಲೋ ರಬ್ಬರ್ ಮೊದಲೋ ಎಂದು ಕೇಳಿದ್ದಿರಿ. ಬಣ್ಣವೇ ಮೊದಲು, ಆದರೆ ಅದಕ್ಕೂ ಮೊದಲು ಒಂದು ಒಣ ಪ್ರಯೋಗ. ತುಕ್ಕು ತೆಗೆದು ಬೆಸುಗೆ ಮುಗಿಸಿ ಪ್ರೈಮರ್ ಹಾಕಿದ ಹಂತದಲ್ಲಿ ಹೊಸ ರಬ್ಬರು, ಹೊಸ ಗಾಜನ್ನು ಒಮ್ಮೆ ಕೂರಿಸಿ ನೋಡಿ, ಬರೀ ಸೋಪುನೀರಿನಲ್ಲಿ. ವರ್ಷಗಟ್ಟಲೆ ಮೂಟೆ ಹೊತ್ತ ಗಾಡಿಯ ಕ್ಯಾಬಿನ್ ತುಸು ತಿರುಚಿಕೊಂಡಿರುವುದು ಸಹಜ. ಒಂದು ಮೂಲೆಯಲ್ಲಿ ರಬ್ಬರಿನ ತುಟಿ ತಗಡಿಗೆ ತಾಗದಿದ್ದರೆ ಅದನ್ನು ಬಡಿದು ಸರಿಮಾಡಲು ಇದೇ ಸಮಯ. ಬಣ್ಣವಾದ ಮೇಲೆ ಸುತ್ತಿಗೆ ಎತ್ತಲು ಯಾರಿಗೂ ಮನಸ್ಸು ಬರುವುದಿಲ್ಲ. ಆಮೇಲೆ ಬಿಚ್ಚಿ ಬಣ್ಣ ಹೊಡೆಸಿ, ಅಂಚಿನ ಮೇಲೆ ಬಣ್ಣ ದಪ್ಪವಾಗಿ ಕೂರದಂತೆ ಪೇಂಟರಿಗೆ ಹೇಳಿ. ತಾನಾಗಿ ಒಣಗುವ ಎನಾಮೆಲ್ ಆದರೆ ಒಂದು ತಿಂಗಳಾದರೂ ಕಾಯಿರಿ, ಇಲ್ಲದಿದ್ದರೆ ರಬ್ಬರ್ ಬಣ್ಣಕ್ಕೆ ಅಂಟಿಕೊಳ್ಳುತ್ತದೆ.

ಮನೆಯಲ್ಲಿ ಮಾಡಬಹುದೇ? ಬಿಚ್ಚುವುದು, ಕೂರಿಸುವುದು ಎರಡನ್ನೂ ಮಾಡಬಹುದು. ಬೆಸುಗೆಯನ್ನು ಬಲ್ಲವರಿಗೆ ಬಿಡಿ.

ಬಿಚ್ಚುವಾಗ ಹಳೆಯ ರಬ್ಬರನ್ನು ಉಳಿಸಿಕೊಳ್ಳುವ ಆಸೆ ಬೇಡ. ಗಾಜು ಒಡೆಯುವುದು ಈ ಆಸೆಯಿಂದಲೇ. ಕೈಗವಸು, ಕನ್ನಡಕ ಹಾಕಿಕೊಂಡು, ವೈಪರ್ ಕಡ್ಡಿ ತೆಗೆದು, ಹರಿತವಾದ ಕಟರಿನಿಂದ ಹೊರಗಿನ ತುಟಿಯನ್ನು ಸುತ್ತಲೂ ಕೊಯ್ದುಬಿಡಿ. ನಡುವಿನ ಪಟ್ಟಿಯ ಸ್ಕ್ರೂಗಳು ಹಠ ಮಾಡುತ್ತವೆ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ದಿನವೇ ಹನಿಸಿಡಿ. ಗ್ಯಾಸ್ ದೀಪದಲ್ಲಿ ಕಾಯಿಸುವ ಉಪಾಯ ಗಾಜಿನ ಪಕ್ಕದಲ್ಲಿ ಬೇಡ. ತಲೆ ಹಾಳಾದರೆ ಸ್ಕ್ರೂ ಕೊರೆದು ತೆಗೆಯಬಹುದು, ಪಟ್ಟಿ ಮಾತ್ರ ಬಾಗಬಾರದು, ಅದು ಸುಲಭಕ್ಕೆ ಸಿಗದ ವಸ್ತು. ಒಬ್ಬರು ಒಳಗಿನಿಂದ ಅಂಗೈಯಲ್ಲಿ ತಳ್ಳಬೇಕು, ಇನ್ನೊಬ್ಬರು ಹೊರಗೆ ಹಿಡಿದುಕೊಳ್ಳಬೇಕು.

ಕೂರಿಸುವುದಕ್ಕೆ ಬಿಸಿಲಿನ ದಿನ ನೋಡಿಕೊಳ್ಳಿ. ನಾನು ಈ ಕೆಲಸ ಕಲಿಯುತ್ತಿದ್ದ ಹೊಸತರಲ್ಲಿ ಡಿಸೆಂಬರಿನ ಚಳಿ ಬೆಳಿಗ್ಗೆ ಒಂದು ಅಂಬಾಸಿಡರ್ ಗಾಜನ್ನು ಬಿಗಿ ರಬ್ಬರಿಗೆ ಕೂರಿಸಲು ಹೋಗಿ, ಮೂಲೆಗೆ ಮುಷ್ಟಿಯಿಂದ ಒಂದು ಗುದ್ದು ಕೊಟ್ಟೆ. ಟಪ್ ಎಂದಿತು. ಆ ಗಾಜಿನ ಬೆಲೆ ನನ್ನ ಸಂಬಳದಲ್ಲಿ ಮೂರು ತಿಂಗಳು ಮುರಿಯಿತು. ಅಂದಿನಿಂದ ರಬ್ಬರನ್ನು ಒಂದು ಗಂಟೆ ಬಿಸಿಲಿಗೆ ಹಾಕದೆ ಮುಟ್ಟುವುದಿಲ್ಲ.

ಮೇಜಿನ ಮೇಲೆ ಕಂಬಳಿ ಹಾಸಿ ಎರಡೂ ಗಾಜಿಗೆ ರಬ್ಬರ್ ತೊಡಿಸಿ. ತಗಡು ಕಚ್ಚುವ ಸೀಳಿನೊಳಗೆ ಸುತ್ತಲೂ 4–5 ಮಿಲಿಮೀಟರ್ ದಪ್ಪದ ನುಣುಪಾದ ನೈಲಾನ್ ಹಗ್ಗ ಕೂರಿಸಿ, ತುದಿಗಳು ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ಒಂದು ಗೇಣು ಹಾಯಲಿ, ಬಾಲಗಳು ಕ್ಯಾಬಿನ್ನಿನ ಒಳಗೆ ಇಳಿಬೀಳಲಿ. ರಬ್ಬರಿಗೂ ಅಂಚಿಗೂ ಸೋಪುನೀರು ಧಾರಾಳವಾಗಿ ಸವರಿ. ಇಲ್ಲಿ ಗ್ರೀಸು, ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್ ಬೇಡ. ಇಪಿಡಿಎಂಗೆ ಬಿಸಿಲು ಏನೂ ಮಾಡದಿದ್ದರೂ ಖನಿಜ ಎಣ್ಣೆ ತಗಲಿದರೆ ಉಬ್ಬಿ ಮೆತ್ತಗಾಗುತ್ತದೆ. ಹೊರಗಿನಿಂದ ಇಟ್ಟು ಕೆಳ ಅಂಚನ್ನು ಮೊದಲು ಕೂರಿಸಿಕೊಂಡು, ಮಗ ಒಳಗಿನಿಂದ ಹಗ್ಗವನ್ನು ಗಾಜಿನ ನಡುವಿನ ಕಡೆಗೆ ನಿಧಾನವಾಗಿ ಎಳೆಯಲಿ. ಹಗ್ಗ ಹೊರಬರುತ್ತಾ ರಬ್ಬರಿನ ಒಳತುಟಿಯನ್ನು ತಗಡಿನ ಮೇಲೆ ಎತ್ತಿ ಹಾಕುತ್ತಾ ಹೋಗುತ್ತದೆ. ಹಗ್ಗ ಎಲ್ಲಿ ಹೊರಡುತ್ತಿದೆಯೋ ಅಲ್ಲಿಯೇ ನೀವು ಹೊರಗಿನಿಂದ ಅಂಗೈಯಲ್ಲಿ ಒತ್ತಬೇಕು. ಸಿಕ್ಕಿಕೊಂಡರೆ ಜಗ್ಗಬೇಡಿ, ಒಂದು ಅಡಿ ಹಿಂದೆ ಹೋಗಿ ಬಿದಿರಿನ ಸೀಳನ್ನು ನುಣುಪಾಗಿ ಹೆರೆದು ತುಟಿ ಎಬ್ಬಿಸಿ. ಸ್ಕ್ರೂಡ್ರೈವರ್ ಗಾಜಿನ ಬಳಿ ಬರಬಾರದು. ಮೊದಲ ಸಲ ನಿಮಗೆ ಅರ್ಧ ದಿನ ಹಿಡಿದರೆ ಬೇಸರಪಡಬೇಡಿ.

ಒಂದೆರಡು ದಿನ ಓಡಿಸಿ, ರಬ್ಬರ್ ತನ್ನ ಜಾಗ ಹಿಡಿದ ಮೇಲೆ ಮತ್ತೆ ಪೈಪಿನ ಪರೀಕ್ಷೆ ಮಾಡಿ. ಆಗಲೂ ಎಲ್ಲಾದರೂ ಹನಿ ಬಂದರೆ ಹೊರತುಟಿಯನ್ನು ಎಬ್ಬಿಸಿ ಅದರ ಅಡಿಗೆ, ಮೇಲಕ್ಕಲ್ಲ, ಗಟ್ಟಿಯಾಗದ ಬ್ಯೂಟೈಲ್ ಮೇಣವನ್ನು ತೆಳ್ಳಗೆ ತುಂಬಿ. ಅದು ಯಾವತ್ತೂ ಜಿಗುಟಾಗಿಯೇ ಇದ್ದು ರಬ್ಬರಿನ ಜೊತೆ ಅಲುಗಾಡುತ್ತದೆ, ಬೇಕೆಂದಾಗ ಬಿಚ್ಚಲೂ ಬರುತ್ತದೆ. ಈಗಿನ ಕಾರುಗಳ ಗಾಜು ಅಂಟಿಸುವ ಪಾಲಿಯುರಿಥೇನ್ ಅಂಟನ್ನು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಅದರಲ್ಲಿ ಕೂರಿಸಿದ ಗಾಜನ್ನು ಮುಂದೆ ಒಡೆಯದೆ ತೆಗೆಯುವುದು ಕಷ್ಟ.

ಈ ವರ್ಷ ಇಷ್ಟೆಲ್ಲ ಮಾಡಿಸುವ ಅನುಕೂಲವಿಲ್ಲದಿದ್ದರೆ ಗಾಳಿಕಿಂಡಿಯ ರಬ್ಬರನ್ನೂ ವೈಪರ್ ವಾಷರನ್ನೂ ಈಗ ಬದಲಿಸಿ, ಬೀಡಿಂಗಿನ ಸೀಳುಗಳಿಗೆ ಅದೇ ಬ್ಯೂಟೈಲ್ ಮೇಣ ಒತ್ತಿ, ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ ಒಂದು ಮಳೆಗಾಲ ದಾಟಿಸಬಹುದು. ಒಳಗಿನ ತುಕ್ಕು ಅಷ್ಟರಲ್ಲಿ ಸ್ವಲ್ಪ ಮುಂದುವರಿಯುತ್ತದೆ, ಅದು ಈ ದಾರಿಯ ಬೆಲೆ. ಸಂಕ್ರಾಂತಿ ಕಳೆದ ಮೇಲೆ ಬಿಚ್ಚಿದರೆ ಟಿಂಕರಿಂಗ್, ಬಣ್ಣ, ಒಣಗಲು ಬೇಕಾದ ದಿನ ಎಲ್ಲ ಸೇರಿ ಮುಂಗಾರಿಗೆ ಮೊದಲು ಮುಗಿಯುತ್ತದೆ. ಬಿಚ್ಚಿದ ಹಳೆಯ ರಬ್ಬರನ್ನು ತಿಪ್ಪೆಗೆ ಎಸೆಯಬೇಡಿ. ಕೆಳ ಅಂಚಿನಿಂದ ಒಂದು ಗೇಣು ತುಂಡನ್ನು ಅಡ್ಡವಾಗಿ ನೇರ ಕೊಯ್ದು, ವರ್ಷ ಮಾದರಿ ಬರೆದ ಚೀಟಿ ಕಟ್ಟಿ ಎತ್ತಿಡಿ. ಹೊಸ ರಬ್ಬರ್ ಬಂದ ದಿನ ಪಾರ್ಸೆಲ್ ಬಿಚ್ಚಿ ಎರಡರ ಕೊಯ್ದ ಮುಖಗಳನ್ನು ಪಕ್ಕಪಕ್ಕ ಹಿಡಿದು ನೋಡಿದರೆ, ಬಂದದ್ದು ನಿಮ್ಮ ಗಾಡಿಯದೋ ಅಲ್ಲವೋ ಎಂದು ಅಲ್ಲೇ ತಿಳಿಯುತ್ತದೆ.